ನಮ್ಮತ್ತೆ ಮಕ್ಕಳನ್ನು ತಿನ್ನುವುದಿಲ್ಲ

"ಅಮ್ಮಾ, ಅಜ್ಜಿ ನನ್ನನ್ನ ಹಸಿಯಾಗೇ ತಿಂತಾರಾ, ಬೇಯಿಸ್ಕೊಂಡಾ?"

ಐದು ವರ್ಷದ ಮಗಳು ಇದನ್ನು ಕೇಳಿದ್ದು ನನ್ನ ಸೊಂಟಕ್ಕೆ ಜೋತುಬಿದ್ದು, ಪಿಸುದನಿಯಲ್ಲಿ. ಅಜ್ಜಿ ಎಂದರೆ ನಮ್ಮತ್ತೆ. ಪಾಪ, ಹಲ್ಲು ಕಟ್ಟಿಸಿಕೊಂಡ ಮೇಲೆ ಸೇಬನ್ನೂ ತುರಿದು ತಿನ್ನುವವರು.

ತಪ್ಪು ನನ್ನದೇ. ಹಳೆಯ ನಾಟಕ ಕಲಾವಿದೆಯಾದ ಅತ್ತೆಗೆ ಮೊದಲ ಬಾರಿಗೆ ಸಿನಿಮಾದಲ್ಲಿ ಪಾತ್ರ ಸಿಕ್ಕಿತ್ತು. ಅದೂ ನಾನು ಮೂರು ತಿಂಗಳಿಂದ ಮಗಳಿಗೆ ಓದಿ ಹೇಳುತ್ತಿದ್ದ ಮಾಯಾಲೋಕದ ಕಾದಂಬರಿಯ ಕಾಡಜ್ಜಿ. ಪುಸ್ತಕದ ಕಾಡಜ್ಜಿ ದಾರಿ ತಪ್ಪಿದ ಮಕ್ಕಳನ್ನು ಚೀಲದಲ್ಲಿ ಹೊತ್ತು ಮನೆ ಮುಟ್ಟಿಸುವವಳು. ಹೆಮ್ಮೆಯಿಂದ ಮಗಳನ್ನು ಥಿಯೇಟರಿಗೆ ಕರೆದೊಯ್ದೆ. ಅಲ್ಲಿ ಚೀಲ ನೇರವಾಗಿ ಹಂಡೆಗೆ ಹೋಯಿತು. (ಮನೆ ಮುಟ್ಟಿಸುವ ಅಜ್ಜಿಯನ್ನು ನೋಡಲು ಯಾರು ಬರುತ್ತಾರೆ ಎಂಬುದು ನಿರ್ದೇಶಕರ ಘನ ಸಿದ್ಧಾಂತವಂತೆ.)

ನಾಳೆಯಿಂದ ನಾನು ಮತ್ತೆ ರಕ್ತಪರೀಕ್ಷೆಯ ಲ್ಯಾಬಿನ ಕೆಲಸಕ್ಕೆ ಹಾಜರಾಗಬೇಕು, ಮಗಳು ದಿನವಿಡೀ ಅತ್ತೆಯ ಬಳಿ ಇರಬೇಕು. ಇವಳೋ, ಅಜ್ಜಿ ಅಡುಗೆಮನೆಗೆ ಹೊರಟರೆ ಯಾವ ಪಾತ್ರೆ ಎತ್ತಿಕೊಂಡರೆಂದು ಇಣುಕುತ್ತಾಳೆ. ನಮ್ಮ ಯಜಮಾನರು ತಾವು ಅದೇ ತಾಯಿಯ ಕೈಯಲ್ಲಿ ಬದುಕಿ ಬೆಳೆದಿದ್ದೇ ಸಾಕ್ಷಿಯೆಂದು ಹೇಳಿ ಪೇಪರಿನ ಹಿಂದೆ ಮರೆಯಾದರು.

"ಅಪ್ಪ ಚೀಲದಲ್ಲಿ ಹಿಡಿಯಲ್ಲ, ಅದಕ್ಕೇ ಬಿಟ್ಟಿದ್ದಾರೆ," ಎಂದಳು ಮಗಳು.

ಆಗ ನನಗೊಂದು ಮಹೋಪಾಯ ಹೊಳೆಯಿತು. ಅತ್ತೆಯ ಮುಖಕ್ಕೆ ಕಾಡಜ್ಜಿಯ ಬಣ್ಣ ಹಚ್ಚುವುದನ್ನು ಕಣ್ಣೆದುರೇ ತೋರಿಸಿಬಿಟ್ಟರೆ ಭಯ ಓಡೀತು. ಮಟಮಟ ಮಧ್ಯಾಹ್ನ ಕಿಟಕಿಗಳನ್ನೆಲ್ಲ ತೆರೆದು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅತ್ತೆ ಹೇಳಿಕೊಟ್ಟಂತೆ ನಾನೇ ಬಳಿಯತೊಡಗಿದೆ. ಹುಬ್ಬು ಮುಚ್ಚಿದೆ. ಕೆನ್ನೆಗೆ ಬೂದಿಬಣ್ಣ, ಕಣ್ಣಿನ ಸುತ್ತ ಕಪ್ಪು. ಅತ್ತೆ ತಮ್ಮ ಹಲ್ಲು ತೆಗೆದಿಟ್ಟು ಸಿನಿಮಾದ ಚೂಪು ಹಲ್ಲು ಹಾಕಿಕೊಂಡರು. ಆಮೇಲೆ, ಅಭ್ಯಾಸಬಲ ನೋಡಿ, ಬೆನ್ನು ತಾನಾಗಿ ಬಾಗಿತು, ಕತ್ತು ಒಂದು ಕಡೆ ವಾಲಿತು. ಆ ಕುರ್ಚಿಯಲ್ಲಿ ಈಗ ನಮ್ಮತ್ತೆ ಇರಲಿಲ್ಲ.

ಇದ್ದದ್ದು ಮೆಲ್ಲಗೆ ನನ್ನ ಕೈಯನ್ನು ಮೂಸಿ ನೋಡಿತು.

ಮುಂದಿನದು ನೆನಪಿರುವುದು ಬಚ್ಚಲುಮನೆಯಿಂದ. ಬಕೆಟ್ಟನ್ನು ಬಾಗಿಲಿಗೆ ಒತ್ತಿ ಹಿಡಿದಿದ್ದೆ. ಮಗಳು ಹೊರಗೇ ಉಳಿದಿದ್ದಳು. (ಹೆತ್ತ ಕರುಳು ಎನ್ನುತ್ತಾರಲ್ಲ, ಅದು ನನಗಿಂತ ಮೊದಲು ಓಡಿಬಂದು ಚಿಲಕ ಹಾಕಿತ್ತು.)

ಹೊರಗೆ ಯಾರೋ ನಕ್ಕರು. ಕಿವಿಗೊಟ್ಟರೆ ಮಗಳು, ಆ ಹಲ್ಲು ತನಗೂ ಬೇಕೆಂದು ಅಜ್ಜಿಯನ್ನು ಪೀಡಿಸುತ್ತಿದ್ದಾಳೆ.

"ಅಮ್ಮಾ, ಬಾ, ನಮ್ಮಜ್ಜಿನೇ ಇದು. ನಾಳೆ ನೀನು ಲ್ಯಾಬಿಗೆ ಹೋಗು. ನಾವಿಬ್ರೂ ಸೇರಿ ಎದುರುಮನೆಯವರನ್ನ ಹೆದರಿಸ್ತೀವಿ."

ನಾನು ಅಲುಗಲಿಲ್ಲ. ಬಾಗಿಲ ಮೇಲೆ ಉಗುರು ತಾಕಿದ ಸದ್ದಾಯಿತು, ಅದರ ಹಿಂದೆ ಅತ್ತೆಯ ಸಣ್ಣ ದನಿ.

"ಚಿಲಕ ತೆಗಿಯಮ್ಮ. ಹಚ್ಚಿದವಳು ನೀನೇ, ನೀನೇ ಒರೆಸಿಬಿಡು. ಈ ಮುಖ ಇಟ್ಕೊಂಡು ಕನ್ನಡಿ ಮುಂದೆ ಹೋಗೋಕೆ ನನಗೂ ಭಯ."