ಸ್ಯಾನ್ ವಾನ್‌ನಲ್ಲಿ ನಾನು ಗೈಡ್ ಆದದ್ದು

ಹೊಟ್ಟೆಕಿಚ್ಚು ನನ್ನ ಸ್ವಭಾವದಲ್ಲೇ ಇಲ್ಲ. ಇದನ್ನು ನಾನು ಅಟ್ಲಾಂಟಾ ಪಕ್ಕದ ನಮ್ಮೂರು ಸುವಾನಿಯ ಗೆಳೆಯರ ಮನೆಗಳಲ್ಲಿ, ಪೇಪರ್ ಪ್ಲೇಟು ಕೈಯಲ್ಲಿ ಹಿಡಿದು ನಿಂತು, ಎಷ್ಟೋ ಸಲ ಸಾರಿದ್ದೇನೆ. ಪಕ್ಕದ ಮನೆಯವರು ಎಲೆಕ್ಟ್ರಿಕ್ ಕಾರು ತಂದಾಗ ಮೊದಲು ಹೋಗಿ ಕೈ ಕುಲುಕಿದವನು ನಾನು. ನಾನೇ ಕೆಲಸ ಕಲಿಸಿದ ಹುಡುಗಿ ನನಗೇ ಮ್ಯಾನೇಜರ್ ಆಗಿ ಬಂದಾಗ ಆಫೀಸಿಗೆ ಕೇಕ್ ತರಿಸಿದವನೂ ನಾನೇ. ಇಂಥ ಘನವಂತನನ್ನು ಎಪ್ಪತ್ತರ ಆಸುಪಾಸಿನ, ಬಿಳಿ ಮೀಸೆಯ ಒಬ್ಬ ಟೂರ್ ಗೈಡು ಒಂದೇ ದಿನದಲ್ಲಿ ಬಯಲು ಮಾಡಿಬಿಟ್ಟ.

ನಮ್ಮ ಮದುವೆಯ ಬೆಳ್ಳಿಹಬ್ಬಕ್ಕೆ ಮಗಳು ನಿಧಿ ಕೊಟ್ಟ ಉಡುಗೊರೆ ಅದು. ಅವಳು ಶಾರ್ಲಟ್‌ನಲ್ಲಿ ಕೆಲಸ ಮಾಡುತ್ತಾಳೆ. ಒಂದು ಸಂಜೆ ಫೋನ್ ಮಾಡಿ, "ಅಪ್ಪಾ, ನೀನು ಅಮ್ಮ ಸ್ಯಾನ್ ವಾನ್‌ಗೆ ಹೋಗ್ತಿದೀರಾ. ಎಲ್ಲಾ ಬುಕ್ ಮಾಡಿದೀನಿ. ಒಂದಿನ ಓಲ್ಡ್ ಸಿಟಿ ವಾಕಿಂಗ್ ಟೂರ್ ಇದೆ, ಲಂಚ್ ಗೈಡ್ ಮನೆಯಲ್ಲೇ. ವೆಜಿಟೇರಿಯನ್ ಹೇಳಿದೀನಿ. ಜಸ್ಟ್ ಶೋ ಅಪ್" ಎಂದಳು.

ಅಟ್ಲಾಂಟಾದಿಂದ ವಿಮಾನ ಹತ್ತಿದ್ದಷ್ಟೇ ನಮ್ಮ ಶ್ರಮ. ಇಳಿದರೆ ಪ್ಯೂರ್ಟೊ ರಿಕೊ. ಸ್ಪೇನಿನವರು ಕಟ್ಟಿದ ಹಳೆಯ ಊರು. ಹಳದಿ, ಗುಲಾಬಿ, ನೀಲಿ ಬಣ್ಣದ ಮನೆಗಳು, ಮರದ ಬಾಲ್ಕನಿಗಳು, ಬೀದಿ ಮುಗಿದಲ್ಲೆಲ್ಲ ಸಮುದ್ರ. ನನ್ನ ಹೆಂಡತಿ ಜಯಾ ಹೋಟೆಲಿನ ಕಿಟಕಿ ತೆಗೆದು, "ರೀ, ಬನ್ರೀ ಇಲ್ಲಿ" ಎಂದು ಕರೆದಾಗ ಅವಳ ದನಿಯಲ್ಲಿದ್ದ ಸಂತೋಷ ನಾನು ಬಹಳ ವರ್ಷಗಳಿಂದ ಕೇಳಿರಲಿಲ್ಲ. ಈ ಪ್ರವಾಸ ಚೆನ್ನಾಗಿ ಆಗಲೇಬೇಕು ಎಂದು ಅಲ್ಲೇ ತೀರ್ಮಾನಿಸಿದೆ. ದಾರಿಯುದ್ದಕ್ಕೂ ಅವಳನ್ನು ನಗಿಸುವ ಜವಾಬ್ದಾರಿಯನ್ನೂ ಹೊತ್ತುಕೊಂಡೆ. ಮದುವೆಯಾದ ಹೊಸದರಲ್ಲಿ ನನ್ನ ಜೋಕುಗಳಿಗೆ ಜಯಾ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಆಮೇಲೆ ಮುಗುಳ್ನಗುತ್ತಿದ್ದಳು. ಈಗ "ಹೂಂ" ಅನ್ನುತ್ತಾಳೆ. ಪರಿಸ್ಥಿತಿ ಕೈಮೀರಿಲ್ಲ ಎಂದು ನಾನು ನಂಬಿದ್ದೆ.

ಮರುದಿನ ಬೆಳಿಗ್ಗೆ ಚೌಕದಲ್ಲಿ ಗೈಡು ಕಾಯುತ್ತಿದ್ದ. ಹೆಸರು ರಫಾಯೆಲ್. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹುಲ್ಲಿನ ಟೋಪಿ, ಕೈಯಲ್ಲೊಂದು ಕೋಲು. ನಮ್ಮನ್ನು ಕಂಡದ್ದೇ ಟೋಪಿ ತೆಗೆದು ಎದೆಗಿಟ್ಟುಕೊಂಡು ಜಯಾಳಿಗೆ ಬಾಗಿ ವಂದಿಸಿದ. ನನಗೆ ತಲೆಯಾಡಿಸಿದ. ಸ್ಪ್ಯಾನಿಷ್‌ನಲ್ಲಿ 'ಜ' ಇಲ್ಲವಂತೆ, ಅದನ್ನು 'ಹ' ಅನ್ನುತ್ತಾರಂತೆ.

"ಸೆನ್ಯೋರಾ ಹಾಯಾ," ಎಂದ.

ಜಯಾ ನನ್ನ ಕಡೆ ತಿರುಗಿದಳು. "ಹಾಯಾ ಅಂತೆ ಕಣ್ರೀ. ಕೇಳೋಕೇ ಎಷ್ಟು ಹಾಯಾಗಿದೆ ಅಲ್ವಾ?"

ಜಗದೀಶನಾದ ನಾನು ಅದೇ ನಿಯಮದ ಪ್ರಕಾರ ಹಗದೀಸ್ ಆದೆ. ಅವಳು ಹಾಯಾ, ನಾನು ಬಾವಿಗೆ ಇಳಿಬಿಡುವ ಹಗ್ಗ.

ಬೀದಿಗಳಿಗೆ ಅಲ್ಲಿ ನೀಲಿ ಬಣ್ಣದ ಇಟ್ಟಿಗೆಗಲ್ಲು ಹಾಸಿದ್ದಾರೆ. ನೋಡಲು ಚಂದ, ಕಾಲಿಟ್ಟರೆ ಜಾರುತ್ತದೆ. ರಫಾಯೆಲ್ ಕೋಲಿನಿಂದ ನೆಲ ಕುಟ್ಟಿ, "ಈ ಕಲ್ಲುಗಳನ್ನು ನೋಡಿಕೊಂಡು ನಡೆದವರು ಚರಿತ್ರೆ ಕಲಿಯುತ್ತಾರೆ. ನೋಡದೆ ನಡೆದವರು ನಮ್ಮ ಆಸ್ಪತ್ರೆ ನೋಡುತ್ತಾರೆ" ಎಂದ.

ಜಯಾ ನಕ್ಕಳು. ಸೌಜನ್ಯದ ನಗುವಲ್ಲ. ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಭುಜ ಕುಲುಕಿಸಿ ನಕ್ಕಳು. ನನಗೆ ಎದೆಯಲ್ಲಿ ಏನೋ ಚುರುಕ್ ಅಂದಿತು. ಬೆಳಿಗ್ಗೆಯ ಕಾಫಿ ಸ್ಟ್ರಾಂಗ್ ಇತ್ತು, ಅದೇ ಇರಬೇಕು ಎಂದುಕೊಂಡೆ.

ನಾನೂ ಕೂಡಲೇ ಕಲ್ಲಿನ ಬಗ್ಗೆ ಒಂದು ಜೋಕು ಹೊಸೆದೆ. "ಜಯಾ, ಈ ಕಲ್ಲು ನೋಡಿದ್ರೆ ನೀನು ಮೊನ್ನೆ ಮಾಡಿದ ಮೈಸೂರ್ ಪಾಕ್…"

"ಶ್, ಅವ್ರು ಹೇಳ್ತಿದಾರೆ ತಡೀರಿ."

ಮುಂದೆ ಒಂದು ಇಳಿಜಾರು. ರಫಾಯೆಲ್ ಜಯಾಳಿಗೆ ಆಸರೆಗೆಂದು ತೋಳು ಚಾಚಿದ. ನಾನು ನಡುವೆ ನುಗ್ಗಿ, "ನಾನಿದೀನಲ್ಲ" ಎಂದು ನನ್ನ ತೋಳು ಚಾಚಿದೆ. ಚಾಚಿದ ರಭಸಕ್ಕೆ ಕಾಲು ಜಾರಿತು. ನಾನು ಜಯಾಳನ್ನು ಹಿಡಿದುಕೊಂಡೆ, ಜಯಾ ರಫಾಯೆಲ್‌ನನ್ನು ಹಿಡಿದುಕೊಂಡಳು, ಎಪ್ಪತ್ತರ ಆ ಮನುಷ್ಯ ನಮ್ಮಿಬ್ಬರ ಭಾರ ಹೊತ್ತು ಕಂಬದ ಹಾಗೆ ನಿಂತ. ಅಲ್ಲಿಂದ ಮುಂದಕ್ಕೆ ಅವನು ನನಗೂ ತೋಳು ಕೊಟ್ಟ. ಹೀಗೆ ನಾವು ಮೂವರೂ ಕೈ ಕೈ ಹಿಡಿದು ಇಳಿದೆವು, ಅವನು ನಡುವೆ.

ಕೆಳಗೆ ಬೆಂಚಿನ ಮೇಲೆ ಕೂತಾಗ ಜಯಾ ರಫಾಯೆಲ್ ಜೊತೆ ತೆಗೆದುಕೊಂಡ ಫೋಟೋಗಳನ್ನು ಮಗಳಿಗೆ ಕಳಿಸಿದಳು. ಕೂಡಲೇ ಫೋನು ಬಂತು. ಜಯಾ ನೀರು ತರಲು ಹೋಗಿದ್ದರಿಂದ ನಾನು ಎತ್ತಿದೆ.

"ಅಪ್ಪಾ, ಫೋಟೋಸ್ ಸೂಪರ್. ನೀನ್ ಯಾಕೆ ಒಂದ್ರಲ್ಲೂ ಇಲ್ಲ?"

"ತೆಗೆದವನು ನಾನು. ಅವನು ಹೇಳಿದ್ದಕ್ಕೆಲ್ಲ ನಿಮ್ಮಮ್ಮ ನಗ್ತಾಳೆ. ಅಷ್ಟೇನೂ ನಗು ಬರೋ ಅಂಥದ್ದು ಹೇಳಲ್ಲ ಅವನು."

"ಅಪ್ಪಾ. ಆರ್ ಯು ಜೆಲಸ್? ಆಫ್ ದ ಟೂರ್ ಗೈಡ್? ಹೀ ಇಸ್ ಲೈಕ್, ತಾತ."

"ಬಿಸಿಲು ಜಾಸ್ತಿ ಇದೆ, ಇಡ್ತೀನಿ," ಎಂದು ಇಟ್ಟೆ.

ಬಿಸಿಲು ನಿಜವಾಗಿಯೂ ಇತ್ತು. ಆದ್ದರಿಂದ ಪಕ್ಕದ ಅಂಗಡಿಗೆ ಹೋಗಿ ಒಂದು ಹುಲ್ಲಿನ ಟೋಪಿ ಕೊಂಡೆ. ಅದು ರಫಾಯೆಲ್‌ನ ಟೋಪಿಯ ತದ್ರೂಪವಾಗಿತ್ತು ಎಂಬುದು ಆಕಸ್ಮಿಕ. ಜಯಾಳ ಮಡಚುವ ಕೊಡೆಯನ್ನು ಉದ್ದ ಮಾಡಿ ಕೋಲಿನಂತೆ ಕೈಯಲ್ಲಿ ಹಿಡಿದದ್ದು ಕೂಡ ಆಕಸ್ಮಿಕ. ಜಯಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕ್ರೀ, ಕಾಲು ನೋವಾ?" ಎಂದಳು.

ಊರಿನ ತುದಿಯಲ್ಲಿ, ಸಮುದ್ರದ ಮೇಲೆ, ಎಲ್ ಮೊರ್ರೊ ಎಂಬ ದೊಡ್ಡ ಕೋಟೆ. ಅದರ ಮುಂದೆ ವಿಶಾಲವಾದ ಹುಲ್ಲು ಬಯಲು. ಗಾಳಿಯೋ ಗಾಳಿ. ಮಕ್ಕಳು, ಮುದುಕರು ಎಲ್ಲರೂ ಗಾಳಿಪಟ ಹಾರಿಸುತ್ತಿದ್ದರು. ಅಲ್ಲಿ ನಿಂತು ರಫಾಯೆಲ್ ಒಬ್ಬ ಕಾವಲುಗಾರನ ಕಥೆ ಹೇಳಿದ. ಊರಿನ ಇನ್ನೊಂದು ಕೋಟೆಯಲ್ಲಿ, ಗೋಡೆಯ ಮೂಲೆಯ ಪುಟ್ಟ ಗೂಡಿನಲ್ಲಿ ಕಾವಲಿಗೆ ನಿಂತಿದ್ದ ಸಿಪಾಯಿಯೊಬ್ಬ ಬೆಳಗಾಗುವಷ್ಟರಲ್ಲಿ ಮಾಯವಾಗಿದ್ದನಂತೆ. ಬಂದೂಕು ಇತ್ತು, ಬಟ್ಟೆ ಇತ್ತು, ಅವನಿರಲಿಲ್ಲ. ದೆವ್ವ ಹೊತ್ತೊಯ್ದಿತು ಎಂದು ಊರೆಲ್ಲ ನಡುಗಿತು. "ಆದರೆ ನಿಜ ಏನು ಗೊತ್ತಾ, ಸೆನ್ಯೋರಾ? ಅವನು ಪ್ರೀತಿಸಿದ ಹುಡುಗಿಯೊಂದಿಗೆ ಬೆಟ್ಟಕ್ಕೆ ಓಡಿಹೋಗಿದ್ದ."

ಜಯಾ ಸಮುದ್ರ ನೋಡುತ್ತಾ ನಿಟ್ಟುಸಿರು ಬಿಟ್ಟಳು. "ಎಷ್ಟು ಚೆನ್ನಾಗಿದೆ."

"ಏನು ಚೆನ್ನಾಗಿರೋದು? ಡ್ಯೂಟಿ ಬಿಟ್ಟು ಓಡಿಹೋದವನು," ಎಂದೆ. "ನಾನು ಹಾಗೆ ಒಂದಿನ ಲಾಗಿನ್ ಆಗದೆ ಹೋದ್ರೆ ನೀನೇ ಬೈತೀಯ."

ಜಯಾ "ಹೂಂ" ಎಂದಳು. ಅದೇ ಕ್ಷಣಕ್ಕೆ ಗಾಳಿ ನನ್ನ ಟೋಪಿಯನ್ನು ಹೊತ್ತೊಯ್ದಿತು.

ನಾನು ಓಡಿದೆ. ಟೋಪಿ ಉರುಳಿತು, ನಿಂತಿತು, ಬಗ್ಗಿದೆ, ಮತ್ತೆ ಉರುಳಿತು. ಎರಡು ಗಾಳಿಪಟಗಳ ದಾರದ ನಡುವೆ ನುಸುಳಿದೆ. ಮೂರನೆಯದರ ದಾರ ಕುತ್ತಿಗೆಗೆ ಸುತ್ತಿಕೊಂಡು, ಅದನ್ನು ಹಾರಿಸುತ್ತಿದ್ದ ಅಜ್ಜ ಮೀನು ಸಿಕ್ಕಿತೆಂಬಂತೆ ನನ್ನನ್ನು ಎಳೆಯತೊಡಗಿದ. ಬಿಡಿಸಿಕೊಂಡು, ಕ್ಷಮೆ ಕೇಳಿ, ಕೊನೆಗೆ ಬಯಲಿನ ಆ ಕೊನೆಯಲ್ಲಿ ಟೋಪಿಯನ್ನು ಕಾಲಿನಿಂದ ಒತ್ತಿ ಹಿಡಿದೆ. ತಲೆಗಿಟ್ಟು, ಕೊಡೆ ಊರಿ, ಏದುಸಿರು ಬಿಡುತ್ತಾ ನಿಂತೆ.

ಎದುರಿಗೆ ಅಂಗಿಗೆ ಕಿತ್ತಳೆ ಬಣ್ಣದ ಸ್ಟಿಕರ್ ಅಂಟಿಸಿಕೊಂಡ ವಯಸ್ಸಾದ ಅಮೆರಿಕನ್ನರ ಗುಂಪೊಂದು ನಿಂತಿತ್ತು. ಬಂದರಿಗೆ ಬಂದ ದೊಡ್ಡ ಹಡಗಿನ ಪ್ರಯಾಣಿಕರು. ಅವರ ಜೊತೆಯ ಒಬ್ಬರಿಗೆ ಕಾಲು ಉಳುಕಿ, ಗೈಡು ಅವರನ್ನು ನೆರಳಿಗೆ ಕರೆದೊಯ್ದಿದ್ದಳಂತೆ. ಬೇರೊಬ್ಬ ಗೈಡನ್ನು ಕಳಿಸುತ್ತೇನೆ ಎಂದಿದ್ದಳಂತೆ. ದಪ್ಪ ಕನ್ನಡಕದ ಅಜ್ಜಿಯೊಬ್ಬರು ನನ್ನ ಟೋಪಿ ನೋಡಿದರು, ಕೊಡೆ ನೋಡಿದರು.

"ಬರಬೇಕಿದ್ದ ಗೈಡ್ ನೀವೇನಾ?" ಎಂದು ಕೇಳಿದರು.

ನನ್ನ ಬಾಯಿಂದ "ಅಲ್ಲ" ಬರಬೇಕಿತ್ತು. "ಬನ್ನಿ" ಎಂದು ಬಂತು.

ಯಾಕೆ ಹಾಗೆಂದೆ ಎಂದು ಜಯಾ ಇವತ್ತಿಗೂ ಕೇಳುತ್ತಾಳೆ. ಅಷ್ಟೂ ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನನ್ನ ಮನೆಯಲ್ಲಿ ಯಾರೂ ಹಾಗೆ ನೋಡುವುದಿಲ್ಲ. ಇಷ್ಟೇ ನನ್ನ ಸಮಜಾಯಿಷಿ. ಒಂದೆರಡು ನಿಮಿಷ ಮಾತಾಡಿ, ನಿಜವಾದ ಗೈಡು ಬಂದ ಮೇಲೆ ನಕ್ಕು ಬಿಟ್ಟುಕೊಟ್ಟರಾಯಿತು ಎಂದುಕೊಂಡೆ.

ಕೊಡೆಯನ್ನು ಎತ್ತಿ ದೂರ ತೋರಿಸಿ, "ಶತ್ರುಗಳು ಆ ಕಡೆಯಿಂದ ದಾಳಿ ಮಾಡಿದರು" ಎಂದೆ.

"ಅದು ಸ್ಮಶಾನ ಅಲ್ವೇ?" ಎಂದರು ಕನ್ನಡಕದ ಅಜ್ಜಿ.

ನೋಡಿದರೆ ನಿಜ. ಕೋಟೆಗೋಡೆಯ ಕೆಳಗೆ, ಅಲೆಗಳ ಪಕ್ಕದಲ್ಲೇ, ಬಿಳಿ ಗೋರಿಗಳು. "ಹೌದು," ಎಂದೆ. "ಬಂದವರೆಲ್ಲ ಅಲ್ಲೇ ಇದ್ದಾರೆ."

ಗುಂಪಿಗೆ ಗುಂಪೇ ನಕ್ಕಿತು. ಒಬ್ಬರು ಪಕ್ಕದವರ ಬೆನ್ನು ತಟ್ಟಿ ನಕ್ಕರು. ಆ ನಗು ನನ್ನ ತಲೆಗೇರಿತು. ಕಾವಲುಗಾರನ ಕಥೆಯನ್ನು ಈ ಕೋಟೆಗೆ ಸಾಗಿಸಿದೆ. ಸಿಪಾಯಿಗೆ ಹೆಸರು ಕೊಟ್ಟೆ. ಹುಡುಗಿಗೆ ಅಪ್ಪನನ್ನು ಕೊಟ್ಟೆ. ಅಪ್ಪನಿಗೆ ಕುದುರೆ ಕೊಟ್ಟೆ. ಕುದುರೆ ಓಡುತ್ತಿದ್ದಾಗ ಒಬ್ಬ ಅಜ್ಜ ಕೈ ಎತ್ತಿ, "ರೆಸ್ಟ್‌ರೂಮ್ ಎಲ್ಲಿ?" ಎಂದರು.

ಗೈಡಿಗೆ ಗೊತ್ತಿರಲೇಬೇಕಾದ ಸಂಗತಿ ಇದೊಂದೇ. ಚರಿತ್ರೆ ಹೇಗೋ ನಡೆಯುತ್ತದೆ. "ಹಿಂದೆ ಬನ್ನಿ" ಎಂದು ಕೊಡೆ ಎತ್ತಿ ನಡೆದೆ. ಬೀದಿ ದಾಟಿ ಒಂದು ಓಣಿ ಹೊಕ್ಕೆ. ಅಲ್ಲೊಂದು ಹಳದಿ ಕಟ್ಟಡದ ಬಾಗಿಲು ತೆರೆದಿತ್ತು, ಒಳಗೆ ಮೇಜುಗಳು, ತಟ್ಟೆಗಳು, ಸಂಗೀತ. ಹೋಟೆಲು. ಎಲ್ಲರನ್ನೂ ಒಳಗೆ ನುಗ್ಗಿಸಿದೆ.

ಹೋಟೆಲಲ್ಲ. ಒಬ್ಬರ ಮನೆ. ಮಗುವಿನ ನಾಮಕರಣದ ಊಟ ನಡೆಯುತ್ತಿತ್ತು. ಬಿಳಿ ಲೇಸಿನ ಬಟ್ಟೆ ತೊಟ್ಟ ಮಗು ಸೇರಿದಂತೆ ಮನೆಯವರೆಲ್ಲ ನಮ್ಮನ್ನು ನೋಡಿದರು. ಸಂಗೀತ ನಿಂತಿತು. ನಾನು ಬಾಯಿ ತೆರೆಯುವ ಮೊದಲೇ ರೆಸ್ಟ್‌ರೂಮ್ ಕೇಳಿದ್ದ ಅಜ್ಜ "ಬಾನ್ಯೋ, ಬಾನ್ಯೋ" ಎಂದು ತಮಗೆ ಗೊತ್ತಿದ್ದ ಏಕೈಕ ಸ್ಪ್ಯಾನಿಷ್ ಪದವನ್ನು ಉಚ್ಚರಿಸಿದರು. ಮನೆಯೊಡತಿ ದೊಡ್ಡ ಮನಸ್ಸಿನವರು. ಒಳಗಿನ ಬಾಗಿಲು ತೋರಿಸಿದರು. ಕ್ಯೂ ಅಂಗಳದಿಂದ ಅಡುಗೆಮನೆಯವರೆಗೆ ಬೆಳೆಯಿತು. ಕಾಯುತ್ತಿದ್ದವರ ಕೈಗೆ ಮನೆಯವರು ಕೇಕ್ ಇಟ್ಟರು. ಕನ್ನಡಕದ ಅಜ್ಜಿ ಮಗುವನ್ನು ಎತ್ತಿಕೊಂಡು, ಟೂರಿನಲ್ಲಿ ಇದೂ ಸೇರಿದೆ ಎಂದು ತಿಳಿದು, "ಎಷ್ಟು ಚೆನ್ನಾಗಿ ಏರ್ಪಾಟು ಮಾಡಿದ್ದೀರಿ" ಎಂದರು.

ಆಗ ಬಾಗಿಲಲ್ಲಿ ಕಿತ್ತಳೆ ಬಾವುಟ ಹಿಡಿದ ಹುಡುಗಿಯೊಬ್ಬಳು ಕಾಣಿಸಿದಳು. ನಿಜವಾದ ಗೈಡು. ತನ್ನ ಪ್ರಯಾಣಿಕರನ್ನು ಎಣಿಸುತ್ತಾ ಅಳುವುದರಲ್ಲಿದ್ದಳು. ಹಡಗು ಹೊರಡುವ ಹೊತ್ತಾಗಿತ್ತು. ಅವಳ ಹಿಂದೆ ರಫಾಯೆಲ್. ಅವನ ಹಿಂದೆ ಜಯಾ.

ರಫಾಯೆಲ್ ಮನೆಯವರಿಗೆ ಸ್ಪ್ಯಾನಿಷ್‌ನಲ್ಲಿ ಏನೋ ಹೇಳಿದ. ಮನೆಯೆಲ್ಲ ಗೊಳ್ಳೆಂದು ನಕ್ಕಿತು. ಏನು ಹೇಳಿದ ಎಂದು ನಾನು ಕೇಳಲಿಲ್ಲ. 'ಹಗದೀಸ್' ಎಂಬುದು ಮಾತ್ರ ಕೇಳಿಸಿತು. ಬಾವುಟದ ಹುಡುಗಿ ತನ್ನ ಮಂದೆಯನ್ನು ಬಂದರಿನತ್ತ ಅಟ್ಟಿಕೊಂಡು ಹೋದಳು. ನನಗೆ ಬೈಯಲೂ ಅವಳಿಗೆ ಪುರುಸೊತ್ತಿರಲಿಲ್ಲ.

ಜಯಾ ನನ್ನ ಜೊತೆ ಓಣಿಗೆ ಬಂದಳು. ಅವಳ ಕಣ್ಣುಗಳು ಕೆಂಪಾಗಿದ್ದವು. ರಫಾಯೆಲ್ ತಿಳಿದವನು, ಮುಂದೆ ಮುಂದೆ ನಡೆದ.

"ನಿಮ್ಮ ಫೋನ್ ನನ್ನ ಬ್ಯಾಗಲ್ಲೇ ಇದೆ," ಎಂದಳು ಜಯಾ. "ಟೋಪಿ ಹಿಂದೆ ಓಡಿದ್ರಿ, ಆಮೇಲೆ ಕಾಣಲೇ ಇಲ್ಲ. ಗೋಡೆ ಹತ್ರ ಹೋಗಿ ಕೆಳಗೆ ಸಮುದ್ರ ನೋಡ್ದೆ ನಾನು. ಗೊತ್ತಾ ನಿಮಗೆ?"

ನನಗೆ ಜೋಕು ಯಾವುದೂ ತೋಚಲಿಲ್ಲ. "ನೀನು ಅವನು ಹೇಳಿದ್ದಕ್ಕೆಲ್ಲ ನಗ್ತಿದ್ದೆ," ಎಂದೆ. ಹೇಳಿದ ಮೇಲೆ ಅದು ಎಷ್ಟು ಚಿಕ್ಕ ಮಾತು ಎಂದು ನನಗೇ ಗೊತ್ತಾಯಿತು.

ಜಯಾ ನಿಂತಳು. "ಅಷ್ಟಕ್ಕಾ ಇಷ್ಟೆಲ್ಲಾ?" ನನ್ನ ಟೋಪಿಯನ್ನು ತೆಗೆದು ಮಣ್ಣು ಕೊಡವಿದಳು. "ಅವ್ರ ಜೋಕು ನಂಗೆ ಹೊಸದು ಕಣ್ರೀ. ನಿಮ್ದೆಲ್ಲಾ ಬಾಯಿಪಾಠ ಆಗಿದೆ. ನೀವು ಶುರು ಮಾಡೋಕೆ ಮುಂಚೆ ನಂಗೆ ಕೊನೆ ಗೊತ್ತಿರತ್ತೆ. ಆದ್ರೂ ಪೂರ್ತಿ ಕೇಳ್ತೀನಲ್ಲ?"

ಇದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಊಟಕ್ಕೆ ರಫಾಯೆಲ್‌ನ ಮನೆ. ಅವನ ಹೆಂಡತಿ ಕಾರ್ಮೆನ್ ಅನ್ನ, ಹುರುಳಿಕಾಳಿನ ಸಾರಿನಂಥದ್ದು, ಬಾಳೆಕಾಯಿ ಕರಿದದ್ದು ಎಲ್ಲ ಮಾಡಿಟ್ಟಿದ್ದರು. ಮೇಜಿಗೆ ಕೂತ ಕೂಡಲೇ ರಫಾಯೆಲ್ ತನ್ನ ನೀಲಿ ಕಲ್ಲಿನ ಜೋಕನ್ನು ಮತ್ತೆ ಹೇಳಿದ. ಕಾರ್ಮೆನ್ ಅವನ ಮುಖವನ್ನೂ ನೋಡದೆ ಅನ್ನ ಬಡಿಸಿದರು. ನನಗೆ ಸ್ವಲ್ಪ ಸಮಾಧಾನವಾಯಿತು.

"ನಿಮ್ಮ ಊರು ತುಂಬಾ ಚೆನ್ನಾಗಿದೆ. ನಡುವೆ ನಡುವೆ ಜಾರುತ್ತದೆ ಅಷ್ಟೆ," ಎಂದೆ ನಾನು ಕಾರ್ಮೆನ್‌ಗೆ.

ಕಾರ್ಮೆನ್ ತಲೆ ಹಿಂದಕ್ಕೆಸೆದು ನಕ್ಕರು.

ನಾನು ಜಯಾಳನ್ನು ನೋಡಿದೆ. ರಫಾಯೆಲ್‌ನನ್ನೂ ನೋಡಿದೆ. ಬೆಳಿಗ್ಗೆಯಿಂದ ಕುಗ್ಗಿದ್ದ ನನ್ನ ಎದೆ ಮೆಲ್ಲಗೆ ಉಬ್ಬಿತು. ಗಾಳಿಪಟದ ಅಜ್ಜನ ಪ್ರಸಂಗ ಹೇಳಿದೆ. ಕಾರ್ಮೆನ್ ಕಣ್ಣೊರೆಸಿಕೊಂಡರು. ಸುವಾನಿಯ ಟ್ರಾಫಿಕ್ ವರ್ಣಿಸಿದೆ. ಮೇಜು ಕುಟ್ಟಿದರು. ಅದು ಜೋಕೇ ಆಗಿರಲಿಲ್ಲ, ಆದರೂ ಪ್ರತಿಭೆ ತಾನಾಗಿ ಹೊರಬರುತ್ತದೆ ಎಂದುಕೊಂಡೆ. ರಫಾಯೆಲ್ ಪಾಪ, ತಲೆ ತಗ್ಗಿಸಿ ಬಾಳೆಕಾಯಿ ತಿನ್ನುತ್ತಿದ್ದ. ಇಷ್ಟು ಹೊತ್ತು ನಾನು ಪಟ್ಟ ಸಂಕಟ ಅವನಿಗೂ ಗೊತ್ತಾಗಲಿ. ಆದರೂ ಗೆದ್ದವನು ಉದಾರಿಯಾಗಿರಬೇಕು.

"ರಫಾಯೆಲ್, ತಪ್ಪು ತಿಳಿಯಬೇಡಿ," ಎಂದೆ. "ನಿಮ್ಮ ಹೆಂಡತಿಗೆ ನನ್ನ ಹಾಸ್ಯ ಹಿಡಿಸಿದ ಹಾಗಿದೆ."

"ಓ, ಕಾರ್ಮೆನ್‌ಗೆ ಇಂಗ್ಲಿಷ್ ಬರುವುದಿಲ್ಲ," ಎಂದ ರಫಾಯೆಲ್. "ಅತಿಥಿಗಳು ಏನು ಹೇಳಿದರೂ ನಗು ಅಂತ ನಾನೇ ಹೇಳಿಕೊಟ್ಟಿದ್ದೇನೆ. ಟೂರಿನಲ್ಲಿ ಸೇರಿದೆ."

ಜಯಾ ನಕ್ಕಳು. ಬಾಯಲ್ಲಿದ್ದ ಬಾಳೆಕಾಯಿ ನೆತ್ತಿಗೇರುವಷ್ಟು, ನೀರು ಕುಡಿದರೂ ನಿಲ್ಲದಷ್ಟು ನಕ್ಕಳು. ಅವಳನ್ನು ನೋಡಿ ರಫಾಯೆಲ್ ನಕ್ಕ. ಏನೂ ತಿಳಿಯದೆ ಕಾರ್ಮೆನ್ ಎಲ್ಲರಿಗಿಂತ ಜೋರಾಗಿ ನಕ್ಕರು.

ನಾನು ತಟ್ಟೆಯ ಕಡೆ ನೋಡಿಕೊಂಡು, "ಸ್ವಲ್ಪ ಉಪ್ಪು ಕೊಡ್ತೀರಾ?" ಎಂದು ಕಾರ್ಮೆನ್‌ರನ್ನು ಕೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಉಪ್ಪು ಬರಲಿಲ್ಲ.