ಮೂರು ನಿಮಿಷದ ಸ್ವಿಂಗ್, ಎರಡನೇ ಸಲದ ಪರೀಕ್ಷೆ

ಸುಮ್ಮನೆ ಕೂತು ಒಂದಿಷ್ಟು ಪಾಶ್ಚಾತ್ಯ ಸಂಗೀತ ಕೇಳೋಣ ಅಂದರೆ ನನಗೆ ಏನಾದರೊಂದು ಫಜೀತಿ ಆಗಿಯೇ ತೀರುತ್ತದೆ. ವಾರವೆಲ್ಲ ಗುರುಗ್ರಾಮದ ಆಫೀಸು, ಶನಿವಾರ ಸಂಗೀತ ಚರಿತ್ರೆಯ ಡಿಪ್ಲೊಮಾ ಕ್ಲಾಸು. ಅದರ ಕೊನೆಯ ಪರೀಕ್ಷೆಗೆ ೧೯೩೦ರ ದಶಕದ ಅಮೆರಿಕದ ಸ್ವಿಂಗ್ ಎಂಬ ಜಾಝ್ ಸಂಗೀತದ ಒಂದು ತುಣುಕನ್ನು ಜನರೆದುರು ಕೇಳಿಸಿ, ಅದು ಹುಟ್ಟಿದ ಕಾಲದ ಕಥೆಯನ್ನೂ ಹೇಳಬೇಕು. ಹೋದ ವರ್ಷ ಫೇಲಾಗಿದ್ದೆ. ಈ ಸಲವೂ ಹೋದರೆ ಎರಡು ವರ್ಷದ ಓದು ಗೋವಿಂದ.

೧. ಅತ್ತೆಯ ತಾಳ

ಮನೆಯಲ್ಲಿ ಅಭ್ಯಾಸಕ್ಕೆ ಕೂತೆ. ಚಿಕ್ಕಂದಿನಲ್ಲಿ ಸಂಗೀತ ಕಲಿತ ನಮ್ಮತ್ತೆ ಪಕ್ಕದಲ್ಲೇ ಕೂತು ತೊಡೆಯ ಮೇಲೆ ತಾಳ ಶುರು ಮಾಡಿದರು. ಇದರ ನಾಲ್ಕು ಎಣಿಕೆಯಲ್ಲಿ ಒಂದು, ಮೂರು ಬಿಟ್ಟು ಎರಡು, ನಾಲ್ಕಕ್ಕೆ ತಟ್ಟಬೇಕು ಅಂತ ತಿದ್ದಿದೆ. ಹಾಗೆ ತಟ್ಟಿದ್ದರೆ ನಮ್ಮ ಮೇಷ್ಟ್ರು ಕೈಗೆ ಬಾರಿಸ್ತಿದ್ರು ಅಂದರು. ಅಷ್ಟರಲ್ಲಿ ಹಾಡೇ ಮುಗಿಯಿತು.

ಇಷ್ಟೇನಾ ಅಂತ ಕೇಳಿದರು. ಆಗಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ, ಅಷ್ಟರಲ್ಲೇ ಹೇಳುವುದನ್ನೆಲ್ಲ ಹೇಳಿ ಮುಗಿಸಬೇಕಿತ್ತು ಅಂತ ವಿವರಿಸಿದೆ.

ಅತ್ತೆ ನನ್ನ ಕಡೆ ತಿರುಗಿದರು. "ಅಂಥ ತಟ್ಟೆ ಈಗ ಸಿಗುತ್ತೇನೇ? ನಮ್ಮ ಕನ್ನಡ ಕೂಟದ ಅಧ್ಯಕ್ಷರ ಭಾಷಣಕ್ಕೆ ಬೇಕಿತ್ತು."

೨. ಕರೋಲ್ ಬಾಗ್‌ನ ವಿಮರ್ಶಕ

ಪರೀಕ್ಷೆಗೆ ಸ್ಪೀಕರ್ ಕೊಳ್ಳಲು ದೆಹಲಿಯ ಕರೋಲ್ ಬಾಗ್‌ಗೆ ಹೋದೆ. ಅಂಗಡಿಯ ಭಯ್ಯಾ ನನ್ನ ಮೊಬೈಲಿನಿಂದಲೇ ಆ ತುಣುಕನ್ನು ಹಾಕಿ ನೋಡಿ, ಮನೆಯಲ್ಲಿ ಯಾರ ಮದುವೆ ಅಂತ ಕೇಳಿದ. ನನಗೆ ಉರಿಯಿತು. ಇದು ದಿಬ್ಬಣದ ಬ್ಯಾಂಡ್ ಅಲ್ಲಪ್ಪ, ಇಲ್ಲಿ ಟ್ರಂಪೆಟ್ಟಿನವರು ಕೇಳುತ್ತಾರೆ, ಸ್ಯಾಕ್ಸೊಫೋನಿನವರು ಉತ್ತರ ಕೊಡುತ್ತಾರೆ, ಹದಿನೈದು ಜನ ಒಂದೇ ಉಸಿರಲ್ಲಿ ನುಡಿಸುತ್ತಾರೆ ಅಂತ ಹತ್ತು ನಿಮಿಷ ನನ್ನ ಮುರುಕು ಹಿಂದಿಯಲ್ಲಿ ಪಾಠ ಮಾಡಿದೆ. ಪಾಪ, ತಾಳ್ಮೆಯಿಂದ ಪೂರ್ತಿ ಕೇಳಿದ.

"ಅಚ್ಛಾ, ಹದಿನೈದು ಜನ," ಅಂದ. "ಹಾಗಾದ್ರೆ ದೊಡ್ಡ ಮದುವೆನೇ. ಮದುಮಗನಿಗೆ ಕುದುರೆ ಬೇಕಿದ್ರೆ ಹೇಳಿ, ನಮ್ಮ ಮಾವನ ಹತ್ತಿರ ಇದೆ."

೩. ಪರೀಕ್ಷೆ

ವಸಂತ್ ಕುಂಜ್‌ನಲ್ಲಿ ನಮ್ಮ ಕನ್ನಡ ಕೂಟ ಸೇರುವ ಕೋಣೆ. ಇಪ್ಪತ್ತು ಕುರ್ಚಿ, ಕೇಳುಗರನ್ನು ನಾನೇ ಕೂಡಿಸಿದ್ದೆ. ಹಿಂದಿನ ಸಾಲಿನಲ್ಲಿ ಅಂಕಪಟ್ಟಿ ಹಿಡಿದ ನಮ್ಮ ಕ್ಲಾಸಿನ ಮೇಡಂ, ಅವರೂ ಮೈಸೂರಿನವರೇ. ಯಾರೂ ಮಾತಾಡಬಾರದು, ಅಲುಗಾಡಬಾರದು ಅಂತ ಮೊದಲೇ ಎಲ್ಲರಿಗೂ ತಾಕೀತು ಮಾಡಿದ್ದೆ.

ಅರ್ಧ ಗಂಟೆ ಮಾತಾಡಿದೆ. ಕೆಲಸ ಕಳೆದುಕೊಂಡ ಜನ, ಕಿಕ್ಕಿರಿದ ಕುಣಿತದ ಹಾಲ್‌ಗಳು, ವೇದಿಕೆ ಮೇಲೆ ನುಡಿಸಬಹುದಾದರೂ ಎಷ್ಟೋ ಕಡೆ ಮುಂಬಾಗಿಲಿಂದ ಒಳಗೆ ಬರಲಾಗದ ಕಪ್ಪು ಕಲಾವಿದರು, ಎಲ್ಲ ಹೇಳಿ ತುಣುಕು ಹಾಕಿದೆ.

ನಮ್ಮ ಮೇಲಿನ ಮನೆಯ ನಿವೃತ್ತ ಸುಬೇದಾರರು ಮೂರನೇ ಸಾಲಿನಲ್ಲಿದ್ದರು, ಕೊಡಗಿನವರು. ಅವರ ಕಡೆ ಮದುವೆಯಲ್ಲಿ ವಾಲಗ ಊದಿದರೆ ಯಾರೂ ಕೂತಿರುವುದಿಲ್ಲವಂತೆ, ಅದು ನನಗೆ ಗೊತ್ತಿರಲಿಲ್ಲ. ಟ್ರಂಪೆಟ್ ಏರುತ್ತಿದ್ದಂತೆ ಎದ್ದರು, ಮುಂದೆ ಬಂದರು, ಎರಡೂ ಕೈ ಎತ್ತಿ ಕುಣಿಯತೊಡಗಿದರು. ಹಿಂದೆಯೇ ನಮ್ಮತ್ತೆ. ಮತ್ತೆ ಅರ್ಧ ಕೋಣೆ.

ನಾನು ಹಾಡು ನಿಲ್ಲಿಸಿದೆ. ಕಣ್ಣಲ್ಲಿ ನೀರು. ಅಂಕಲ್, ದಯವಿಟ್ಟು ಕೂತ್ಕೊಳ್ಳಿ, ನಾನು ಮತ್ತೆ ಫೇಲಾಗ್ತೀನಿ ಅಂದೆ.

ಸುಬೇದಾರರು ಕುಣಿಯುವುದನ್ನು ನಿಲ್ಲಿಸಿ ನಿಜವಾಗಿಯೂ ಗೊಂದಲದಿಂದ ನನ್ನನ್ನು ನೋಡಿದರು. "ಅಲ್ಲಮ್ಮ, ಕಷ್ಟಕಾಲದಲ್ಲಿ ಜನ ಕುಣೀಲಿ ಅಂತಲೇ ಇದನ್ನ ಮಾಡಿದ್ರು ಅಂತ ಅರ್ಧ ಗಂಟೆ ಹೇಳಿದೋಳು ನೀನು. ಮತ್ತೆ ನಮ್ಮನ್ನ ಯಾಕೆ ಕಟ್ಟಿ ಕೂರಿಸಿದ್ದೀಯ?"

ಹಿಂದೆ ಮೇಡಂ ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದರು. ಕೊನೆಗೆ ಹಾಳೆ ಕೈಗೆ ಬಂತು. ಪಾಸಾಗಿದ್ದೆ. ಕೆಳಗೆ ಷರಾ: "ವಿದ್ಯಾರ್ಥಿನಿ ವಿಷಯ ಚೆನ್ನಾಗಿ ಬೋಧಿಸಿದ್ದಾರೆ. ಅರ್ಥ ಮಾಡಿಕೊಂಡವರು ಸುಬೇದಾರರು."