ಕರೆ ಮಾಡಿ

ಮುದ್ರಣಾಲಯದವನು ಚಿತ್ರಗಳನ್ನು ದೊಡ್ಡದು ಮಾಡುವ ಹುರುಪಿನಲ್ಲಿ ಎರಡು ಸಾಲು ನುಂಗಿಬಿಟ್ಟಿದ್ದ. "ಇವನ್ನು ಕೊಳ್ಳುವುದು ಅಪರಾಧ. ಮಾರುವವರ ಸುಳಿವು ಸಿಕ್ಕರೆ ಕರೆ ಮಾಡಿ" ಎಂದಿರಬೇಕಿದ್ದ ಪೋಸ್ಟರಿನಲ್ಲಿ ಒಂದು ಆಮೆ, ಕರಡಿಕೊಬ್ಬಿನ ಸೀಸೆ, ಹಾವಿನ ಚರ್ಮದ ಪರ್ಸು, ಕೆಳಗೆ "ಕರೆ ಮಾಡಿ" ಎಂಬುದಷ್ಟೇ ಉಳಿದಿತ್ತು. ಅದರ ಕೆಳಗೆ ಅರಣ್ಯ ಕಚೇರಿಯ ಗುಮಾಸ್ತನ ಮೊಬೈಲ್ ನಂಬರು.

ಊರಿನ ಗೋಡೆಗಳಿಗೆಲ್ಲ ಅದನ್ನು ಅಂಟಿಸಿದವನೂ ಅದೇ ಗುಮಾಸ್ತ. ಕಚೇರಿಯಲ್ಲಿ ಅವನನ್ನು ಗೋಂದಪ್ಪ ಎಂದೇ ಕರೆಯುತ್ತಿದ್ದರು. ಅಂಟಿಸುವವನು ಓದಲೂಬೇಕು ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗಲೇ ಮೊದಲ ಕರೆ ಬಂತು.

"ಆಮೆ ಇದೆಯಂತಲ್ಲ? ಮನೇಲಿಟ್ರೆ ಅದೃಷ್ಟ ಖುಲಾಯಿಸುತ್ತಂತೆ," ಎಂದಿತು ಒಂದು ಹೆಣ್ಣುದನಿ.

"ಅಮ್ಮಾ, ಆಮೆ ಇಟ್ಕೊಂಡ್ರೆ ಜೈಲು!"

"ಹೌದಾ? ಹಾಗಾದ್ರೆ ಅಸಲಿ ಮಾಲೇ ಇರ್ಬೇಕು. ಎರಡು ಕೊಡಿ."

ಬಾಯಿ ಮುಕ್ಕಳಿಸುವಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಾಂಪೌಂಡಿನ ಮೇಲೆ ತಮ್ಮ ಬೋಳುತಲೆಯನ್ನು ಸೂರ್ಯೋದಯದಂತೆ ಎತ್ತಿದರು. "ಆ ಕರಡಿಕೊಬ್ಬು... ನಮಗೊಂದು ಸೀಸೆ ತೆಗೆದಿಡಪ್ಪ."

"ಅದನ್ನ ಹಚ್ಚಿದ್ರೆ ಕೂದಲು ಬರಲ್ಲ ಮೇಷ್ಟ್ರೇ. ಕರಡಿ ಸಾಯುತ್ತೆ, ಅಷ್ಟೆ."

"ಕರಡಿಗೆ ಮೈತುಂಬ ಕೂದಲಿದೆಯಲ್ಲ, ಅದೂ ಸುಳ್ಳಾ?"

ಕಚೇರಿ ಮುಟ್ಟುವಷ್ಟರಲ್ಲಿ ಮೂವತ್ತೊಂದು ಕರೆ ಬಂದಿದ್ದವು. ಬೇಡವೆಂದು ಗದರಿದಷ್ಟೂ ಜನರ ಆಸೆ ಹೆಚ್ಚಾಗುತ್ತಿತ್ತು. ಸಾಹೇಬರು ಪೋಸ್ಟರ್ ಓದಿ ಮೇಜು ಗುದ್ದಿದರು.

"ಅಂಟಿಸಿದ್ದು ನೀನೇ ತಾನೆ? ಕೀಳೋನೂ ನೀನೇ. ಸಾಯಂಕಾಲದೊಳಗೆ ಒಂದೂ ಉಳೀಬಾರ್ದು. ಇಲ್ದಿದ್ರೆ ನಿನ್ನ ಕೆಲಸ ಉಳಿಯಲ್ಲ."

ಗೋಂದು ಗಟ್ಟಿಯಾಗಿತ್ತು. ಗುಮಾಸ್ತ ಬಕೆಟ್ಟು, ಬ್ರಷ್ಷು ಹಿಡಿದು ಗೋಡೆ ಕೆರೆಯುತ್ತಿದ್ದರೆ ಹಿಂದೆ ಜನ ಸೇರಿದರು. "ಮಾಲು ಖಾಲಿಯಾಯ್ತಾ?" ಎಂದ ಅಂಗಡಿಯವನೊಬ್ಬ. "ಖಾಲಿಯಂತೆ!" ಎಂಬ ಸುದ್ದಿ ಬೀದಿಯುದ್ದಕ್ಕೂ ಓಡಿ, ಕೇಳುವವರು ಇಮ್ಮಡಿಯಾದರು.

ಮಧ್ಯಾಹ್ನ ಒಂದು ಗೊಗ್ಗರು ದನಿಯ ಕರೆ. "ಇರೋದನ್ನೆಲ್ಲ ನಾನೇ ತಗೋತೀನಿ. ಎಲ್ಲಿಗೆ ಬರ್ಲಿ?"

ಗುಮಾಸ್ತ ಬ್ರಷ್ಷನ್ನು ಬಕೆಟ್ಟಿಗೆಸೆದ. ಇಂಥ ದೊಡ್ಡ ಕುಳವನ್ನು ಹಿಡಿದುಕೊಟ್ಟರೆ ಸಾಹೇಬರೇ ಬೆನ್ನು ತಟ್ಟುತ್ತಾರೆ, ಕೆಲಸವೂ ಉಳಿಯುತ್ತದೆ. "ನಾಲ್ಕು ಗಂಟೆಗೆ, ಬಸ್ ನಿಲ್ದಾಣದ ಹಿಂದೆ," ಎಂದ. ಹಿಡಿದ ಕೀರ್ತಿ ಹಂಚಿಹೋದೀತೆಂದು ಯಾರಿಗೂ ಹೇಳಲಿಲ್ಲ. ಮಾಲಿನಂತೆ ಕಾಣಲೆಂದು ಚೀಲದಲ್ಲಿ ಹಳೆ ಫೈಲು ತುಂಬಿಕೊಂಡು ಹೊರಟ.

ಕಪ್ಪು ಕನ್ನಡಕದವನೊಬ್ಬ ಕಾಯುತ್ತಿದ್ದ. "ತಂದಿದ್ದೀಯಾ?"

"ತಂದಿದ್ದೀನಿ."

ಇಬ್ಬರೂ ಒಟ್ಟಿಗೇ ಪರಸ್ಪರರ ಮಣಿಕಟ್ಟು ಹಿಡಿದು, ಒಟ್ಟಿಗೇ ಕೂಗಿದರು: "ಅರಣ್ಯ ಇಲಾಖೆ! ಅಲ್ಲಾಡ್ಬೇಡ!"

ವ್ಯತ್ಯಾಸವಿಷ್ಟೇ: ಕಪ್ಪು ಕನ್ನಡಕದವನ ಹಿಂದೆ ಒಂದು ಜೀಪು, ನಾಲ್ವರು ಸಿಬ್ಬಂದಿ, ಒಬ್ಬ ಫೋಟೋದವನು ಇದ್ದರು. ಗುಮಾಸ್ತನ ಹಿಂದೆ ಗೋಡೆಯಿತ್ತು.

"ನಾನೂ ನಿಮ್ಮವನೇ ಸಾರ್! ನಮ್ಮ ಸಾಹೇಬರನ್ನ ಕೇಳಿ!" ಎಂದು ಅವನು ಠಾಣೆ ತಲುಪುವವರೆಗೂ ಬಡಕೊಂಡ. ಪೋಸ್ಟರ್ ನೋಡಿ ಪಕ್ಕದ ಜಿಲ್ಲೆಯಿಂದ ಬಂದಿದ್ದ ಅರಣ್ಯ ದಳದ ಮುಖ್ಯಸ್ಥ, ಅದೇ ಕಪ್ಪು ಕನ್ನಡಕದವನು, ನಗುತ್ತಲೇ ಸಾಹೇಬರಿಗೆ ಫೋನ್ ಮಾಡಿ ಬರಹೇಳಿದ.

ಸಾಹೇಬರು ಬಂದಾಗ ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. ಅವರು ಬಾಯಿ ತೆರೆಯುವ ಮೊದಲೇ ದಳದ ಮುಖ್ಯಸ್ಥ ಅವರ ಕೈ ಕುಲುಕಿ ಒಂದು ಕಾಗದ ಹಿಡಿಸಿದ. "ಮೊದಲು ಇದನ್ನ ಓದಿ ಸಾರ್. ಆಗಲೇ ಮೇಲಕ್ಕೆ ಕಳಿಸಿ ಆಯ್ತು."

ಸಾಹೇಬರು ಓದಿದರು. ಭಾರಿ ಜಾಲ ಪತ್ತೆ. ಮುಖ್ಯ ಆರೋಪಿ ಸೆರೆ. ಇಲಾಖೆಯ ಪೋಸ್ಟರಿನಲ್ಲಿ ತನ್ನ ನಂಬರು ಸೇರಿಸಿ ವ್ಯಾಪಾರಕ್ಕಿಳಿದ ಆರೋಪಿಯನ್ನು ಉಪಾಯವಾಗಿ ಬಯಲಿಗೆಳೆದ ಆ ಪೋಸ್ಟರಿನ ಕಲ್ಪನೆ ಸ್ಥಳೀಯ ಅಧಿಕಾರಿಗಳದ್ದು. ಅವರಿಗೆ ಬಡ್ತಿ ನೀಡಬಹುದೆಂದು ಶಿಫಾರಸು.

ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಒರೆಸಿದರು.

"ಸಾರ್, ನಾನು ಸಾರ್!" ಎಂದ ಗುಮಾಸ್ತ ಕಂಬಿಗಳ ಸಂದಿಯಿಂದ.

"ಇವನು ನಿಮಗೆ ಗೊತ್ತಾ?" ಎಂದ ದಳದ ಮುಖ್ಯಸ್ಥ.

ಸಾಹೇಬರು ಗುಮಾಸ್ತನನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದರು. ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು.

"ಎಂಥೆಂಥವರೆಲ್ಲ ಇಲಾಖೆ ಹೆಸರು ಹೇಳ್ತಾರೆ ನೋಡಿ," ಎಂದರು.